ನಡುವಿನ ಮೂರು ಮೀಟರ್

ಆಫ್‌ಶೋರ್ ಕೆಲಸ ಅಂದ ಕೂಡಲೇ ಜನ ನಾನು ಹೆಲಿಕಾಪ್ಟರಿನಿಂದ ಇಳಿಯೋನು ಅಂದ್ಕೋತಾರೆ. ನಾನು ಇಳಿಯೋದು ಮೆಟ್ರೋದಿಂದ. ಆಮೇಲೆ ಸಂಜೆವರೆಗೂ ಒಂದೇ ಪ್ರಶ್ನೆ: ಸಮುದ್ರದಲ್ಲಿ ಅಕ್ಕಪಕ್ಕ ಇರೋ ಎರಡು ವಸ್ತು ಒಂದಕ್ಕೊಂದು ತಾಗ್ತವಾ, ಇಲ್ವಾ?

ಸಮುದ್ರತಳದಿಂದ ಎಣ್ಣೆ, ಗ್ಯಾಸ್ ಮೇಲೆ ತರೋ ಕೊಳವೆಗೆ ರೈಸರ್ ಅಂತಾರೆ. ತೇಲುವ ಹಡಗಿನಿಂದ ಇಳಿಬಿಟ್ಟ ಅಂಥ ಎರಡು ರೈಸರ್ ನಡುವೆ ಡ್ರಾಯಿಂಗಿನಲ್ಲಿ ಮೂರು ಮೀಟರ್ ಇದೆ ಅಂದುಕೊಳ್ಳಿ. ಅದು ನಿಂತ ನೀರಿನ ಲೆಕ್ಕ. ನಮ್ಮೂರ ಅಡಿಕೆ ತೋಟದಲ್ಲೂ ಬುಡದಿಂದ ಬುಡಕ್ಕೆ ಒಂಬತ್ತು ಅಡಿ. ಆದರೂ ಕೊನೆಗಾರ ಮರದ ತುದಿಯಲ್ಲೇ ತೂಗಿ, ಪಕ್ಕದ ಮರ ಹಿಡಿದು ದಾಟಿಬಿಡ್ತಾನೆ.

ನೀರಿನಲ್ಲಿ ಇನ್ನೊಂದು ತಾಪತ್ರಯ. ಎರಡು ಕೊಳವೆ ಒಂದರ ಹಿಂದೆ ಒಂದಿದ್ದಾಗ ಪ್ರವಾಹದ ಹೊಡೆತ ಪೂರ್ತಿ ಮುಂದಿನದಕ್ಕೆ. ಹಿಂದಿನದು ಅದರ ಮರೆಯಲ್ಲಿ ಆರಾಮಾಗಿರುತ್ತೆ. ಹಾಗಾಗಿ ಮುಂದಿನದೇ ಹೆಚ್ಚು ಬಾಗಿ ಹಿಂದಿನದರ ಹತ್ತಿರ ಹೋಗುತ್ತೆ, ಎರಡೂ ಒಂದೇ ಅಳತೆಯವಾದರೂ.

ಇದನ್ನ ಆರ್ಕಾಫ್ಲೆಕ್ಸ್‌ನಂಥ ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ, ನಾವು ಕೇಳಿದ್ರೆ ಮಾತ್ರ. ಯಾವ ಕೊಳವೆಯ ಮರೆ ಯಾವುದರ ಮೇಲೆ ಬೀಳುತ್ತೆ ಅಂತ ನಾವೇ ಹೇಳಬೇಕು. ಡಿಕ್ಕಿಯನ್ನೂ ಲೆಕ್ಕಕ್ಕೆ ತಗೋ ಅಂತ ಹೇಳದಿದ್ರೆ, ಸ್ಕ್ರೀನ್ ಮೇಲೆ ಎರಡು ಕೊಳವೆ ದೆವ್ವಗಳ ಥರ ಒಂದರೊಳಗಿಂದ ಒಂದು ತೂರಿಹೋಗ್ತವೆ. ಸದ್ದಿಲ್ಲ, ಎರರ್ ಇಲ್ಲ. ಕೊನೆಗೆ ಬರೋ ಗ್ರಾಫಿನಲ್ಲೂ ಸರಾಸರಿ ಅಂತರ ನೋಡಿ ಖುಷಿಪಡೋ ಹಾಗಿಲ್ಲ. ಮೂರು ಗಂಟೆಯ ಬಿರುಗಾಳಿಯಲ್ಲಿ ಅತಿ ಹತ್ತಿರ ಬಂದ ಆ ಒಂದು ಕ್ಷಣವೇ ಉತ್ತರ.

2005ರ ಜುಲೈ 27ರಂದು ಮುಂಬೈ ಹೈನಲ್ಲಿ ಅಂಥ ಒಂದು ಕ್ಷಣ ಬಂತು. ಸಮುದ್ರ ಸುರಕ್ಷಾ ಅನ್ನೋ ಹಡಗು ಗಾಯಗೊಂಡಿದ್ದ ತನ್ನ ಸಿಬ್ಬಂದಿಯೊಬ್ಬರನ್ನ ಪ್ಲಾಟ್‌ಫಾರ್ಮಿಗೆ ದಾಟಿಸಲು ಪಕ್ಕಕ್ಕೆ ಬಂದಿತ್ತು. ಮಳೆಗಾಲದ ಅಲೆಗೆ ತೂಗಿ ರೈಸರ್‌ಗೆ ಬಡಿಯಿತು. ಗ್ಯಾಸ್ ಸೋರಿ ಬೆಂಕಿ ಹತ್ತಿತು. ಸುಮಾರು ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ನಾಶವಾಯಿತು. 22 ಜನ ಹೋದರು, 362 ಜನ ಬದುಕಿದರು. ಹಡಗು ಅಷ್ಟು ಹತ್ತಿರ ಬಂದಿದ್ದು ಒಬ್ಬನಿಗೆ ಚಿಕಿತ್ಸೆ ಸಿಗಲಿ ಅಂತ.

ಕೊಳವೆಗೂ ಕೊಳವೆಗೂ ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದ್ರೂ ಆ ಹಡಗು ಅದರೊಳಗೆ ಬರ್ತಿರಲಿಲ್ಲ. ಅದಕ್ಕೇ ಮಾಡೆಲ್ ರನ್ ಮಾಡೋ ಮುಂಚೆ ಕೇಳ್ತೀನಿ: ಇಲ್ಲಿಗೆ ಬೇರೆ ಯಾರು ಬರ್ತಾರೆ? ಸಾಮಾನು ತರೋ ದೋಣಿ? ರಿಪೇರಿ ಹಡಗು? ಯಾವ ಹವೆಯಲ್ಲಿ, ಯಾವ ಕಡೆಯಿಂದ?

"ಒಂದು ನಂಬರ್ ಕೊಡಪ್ಪಾ, ಸಾಕು" ಅಂತಾರೆ ಮ್ಯಾನೇಜರ್. ಕೊಡ್ತೀನಿ. ಅದರ ಕೆಳಗೆ ಎರಡು ಸಾಲು ಸೇರಿಸ್ತೀನಿ: ಯಾವ ಅಲೆಗೆ ಈ ನಂಬರ್ ಬಂತು, ಮಾಡೆಲ್‌ನಲ್ಲಿ ಏನೇನು ಇರಲಿಲ್ಲ.