ತಾಲೀಮು ಇಲ್ಲದ ನಾಟಕ

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೆ ಬಾದಾಮಿ ಪಕ್ಕದ ಆ ಬಯಲಿಗೆ ರಾತ್ರಿಯೆಂಬುದೇ ಇರುವುದಿಲ್ಲ. ಹಗಲು ಬಾಗಿಲು–ಚೌಕಟ್ಟು, ಬಳೆ, ಬೆಂಡು–ಬೆತ್ತಾಸಿನ ವ್ಯಾಪಾರ, ಕತ್ತಲಾದರೆ ನಾಟಕ. ಸಾಲಾಗಿ ಬೀಡುಬಿಟ್ಟ ಕಂಪನಿಗಳ ಮೈಕುಗಳು ಒಂದನ್ನೊಂದು ಮೀರಿಸಿ ಕೂಗುತ್ತವೆ. ಹಾಸ್ಯನಟನ ಮುಖ ಬೋರ್ಡಿನ ಅರ್ಧ ತುಂಬಿರುತ್ತದೆ. ಒಂದು ಆಟ ಮುಗಿಸಿ ಚಹಾ ಕುಡಿದ ಜನ ಎದುರಿನ ಕಂಪನಿಗೆ ಹೋಗಿ ಮತ್ತೊಂದು ಟಿಕೇಟು ತೆಗೆಸುತ್ತಾರೆ. ಹಾಗಾಗಿ ಬಾಗಲಕೋಟೆ ಜಿಲ್ಲೆಯಲ್ಲಿ ನಿಂತು ರಂಗಭೂಮಿ ಸತ್ತಿತು ಎಂದು ಯಾರಾದರೂ ಅತ್ತರೆ ನಂಬಬೇಡಿ. ನಾಟಕ ಬದುಕಿದೆ. ಹೋದದ್ದು ತಾಲೀಮು.

ಕಂಪನಿಯ ತಾಲೀಮಲ್ಲ, ಊರ ತಾಲೀಮಿನ ಮಾತು ಹೇಳುತ್ತಿದ್ದೇನೆ. ಹುನಗುಂದದ ಕಡೆ ಎರೆಹೊಲ, ಮಳೆ ನಂಬಿದ ಬೇಸಾಯ. ಹಿಂಗಾರಿ ಜೋಳ, ಕಡಲೆ ಬಿತ್ತಿ ಎಡೆ ಹೊಡೆದರೆ ಸುಗ್ಗಿಯ ತನಕ ಸಂಜೆಗಳು ಖಾಲಿ. ದೀಪಾವಳಿ ಮುಗಿದ ಮೇಲೆ ಹಿರಿಯರು ಮಠದ ಕಟ್ಟೆಯ ಮೇಲೆ ಕೂಡಿ, ‘ಈ ಸಲ ಜಾತ್ರಿಗೆ ಯಾವ ನಾಟಕ ಆಡಸೂಣು?’ ಎಂದು ಬಾಯಿ ಬಿಟ್ಟರೆ ಮುಗಿಯಿತು, ಶಾಲೆ ತೆರೆದಂತೆಯೇ. ಆ ಶಾಲೆಗೆ ಹಾಜರಿ ಪುಸ್ತಕವಿಲ್ಲ, ವಯಸ್ಸಿನ ಕಟ್ಟಿಲ್ಲ. ಪೇಟಿ ಮಾಸ್ತರರ ಸಂಬಳಕ್ಕೆ ಊರ ಮೇಲೆ ಪಟ್ಟಿ ಹಾಕುತ್ತಿದ್ದರು. ರೊಕ್ಕ ಇಲ್ಲದವರು ಜೋಳ ಅಳೆದು ಕೊಡುತ್ತಿದ್ದರು. ಮಾಸ್ತರರ ಊಟ ದಿನಕ್ಕೊಂದು ಮನೆಯ ಪಾಳಿ. ರಾತ್ರಿ ಊಟವಾದ ಮೇಲೆ ಹನುಮಪ್ಪನ ಗುಡಿಯಲ್ಲೋ ಚಾವಡಿಯಲ್ಲೋ ಕಂದೀಲು ತೂಗುಹಾಕಿದರೆ, ಅದು ಆರುವುದು ನಡುರಾತ್ರಿ ದಾಟಿದ ಮೇಲೆ.

ನಮ್ಮೂರಿಗೆ ಬರುತ್ತಿದ್ದ ಮಾಸ್ತರರು ಕಂಪನಿಯಲ್ಲಿ ದುಡಿದು ಬಂದವರು. ಎಡಗೈಯಲ್ಲಿ ಪೇಟಿಯ ತಿದಿ, ಬಲಗೈ ಮನೆಗಳ ಮೇಲೆ, ಬಾಯಲ್ಲಿ ಎಲೆ–ಅಡಿಕೆ. ಕಣ್ಣು ಮಾತ್ರ ಪಾತ್ರಧಾರಿಯ ತುಟಿಯ ಮೇಲೆ. ಅಕ್ಷರ ಬಾರದವರಿಗೆ ಮಾತು ಹೇಳಿಕೊಡುವುದು, ಅವರು ತಿರುಗಿ ಹೇಳುವುದು, ಮತ್ತೆ ಹೇಳುವುದು. ‘ತಮ್ಮಾ, ಮಾತ ನುಂಗಬ್ಯಾಡ. ಹಿಂದ ಕುಂತ ಮುದುಕಿಗಿ ಕೇಳಬೇಕು ಅದು’ ಎನ್ನುತ್ತಿದ್ದರು. ಒಬ್ಬನಿಗೆ ಕರಿ ಎರಡು, ಇನ್ನೊಬ್ಬನಿಗೆ ಬಿಳಿ ನಾಲ್ಕು ಎಂದು ಅವರವರ ಧ್ವನಿಗೆ ಪಟ್ಟಿ ಹಿಡಿದು ಕೊಡುತ್ತಿದ್ದರು. ರಾಗದ ಲಕ್ಷಣ ಕೇಳಿದರೆ ನಮ್ಮ ಅರ್ಜುನ ಬೆಬ್ಬಳಿಸುತ್ತಿದ್ದ. ಆದರೆ ಎತ್ತು ಮೇಯಿಸುತ್ತ ಅವನು ಗುನುಗುತ್ತಿದ್ದದ್ದು ಭೀಮಪಲಾಸವೇ. ಅದರ ಹೆಸರೂ ಅವನಿಗೆ ಗೊತ್ತಿತ್ತು.

ಕಲಿಯುತ್ತಿದ್ದವರು ಪಾರ್ಟು ಹಾಕಿದವರಷ್ಟೇ ಅಲ್ಲ. ಗುಡಿಯ ಕಂಬಕ್ಕೆ ಒರಗಿ ಕೂತ ಊರಿಗೆ ಊರೇ ಎರಡು–ಮೂರು ತಿಂಗಳಲ್ಲಿ ಇಡೀ ನಾಟಕ ಬಾಯಿಪಾಠ ಮಾಡುತ್ತಿತ್ತು. ಜಾತ್ರೆಯ ರಾತ್ರಿ ದುರ್ಯೋಧನ ಒಂದು ಮಾತು ತಪ್ಪಿದರೆ ಸೈಡ್‌ವಿಂಗಿನಲ್ಲಿದ್ದ ಪ್ರಾಂಪ್ಟರನಿಗಿಂತ ಮೊದಲೇ ಪ್ರೇಕ್ಷಕರು ತಿದ್ದುತ್ತಿದ್ದರು. ಪಾರ್ಟು ಓದಿಕೊಳ್ಳಬೇಕೆಂಬ ಹಟಕ್ಕೆ ಬಿದ್ದು, ಮೀಸೆ ನರೆತ ಮೇಲೆ ಅಕ್ಷರ ಕಲಿತವರನ್ನು ಕಂಡಿದ್ದೇನೆ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಅವೆರಡನ್ನೂ ಕೂಡಿಸುತ್ತಾರೆ. ಅರವತ್ತರ ಧೃತರಾಷ್ಟ್ರನನ್ನೂ ಹದಿನಾರರ ಅಭಿಮನ್ಯುವನ್ನೂ ತಾಲೀಮು ಹಾಗೆಯೇ ಕೂಡಿಸುತ್ತಿತ್ತು.

ನಮಗೆ ಸಿಕ್ಕ ಪಠ್ಯವೂ ಸಣ್ಣದೇನಲ್ಲ. ಕಂದಗಲ್ಲ ಹನುಮಂತರಾಯರು ಹುಟ್ಟಿದ ಕಂದಗಲ್ಲ, ಆಗ ಹುನಗುಂದ ತಾಲೂಕಿನ ಹಳ್ಳಿ. ‘ರಕ್ತರಾತ್ರಿ’, ‘ಅಕ್ಷಯಾಂಬರ’, ‘ಕುರುಕ್ಷೇತ್ರ’ ಬರೆದ ಅವರನ್ನು ಜನ ಕರ್ನಾಟಕದ ಷೇಕ್ಸ್‌ಪಿಯರ್ ಎಂದೇ ಕರೆದರು. ಉದ್ದುದ್ದ ವಾಕ್ಯ, ಪ್ರಾಸದ ಮೇಲೆ ಪ್ರಾಸ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿಲ್ಲದಿದ್ದರೆ ನಡುವೆಯೇ ಸಿಕ್ಕಿಬೀಳುವ ಮಾತು. ಹಗಲೆಲ್ಲ ಕುಂಟೆ ಹೊಡೆದವನು ರಾತ್ರಿ ಆ ಗದ್ಯವನ್ನು ನಾಲಿಗೆಗೆ ಹದ ಮಾಡಿಕೊಳ್ಳುತ್ತಿದ್ದ. ಅದೇ ತಾಲೂಕಿನ ಸೂಳೇಭಾವಿಯಲ್ಲಿ ನೆಲೆಸಿದ್ದ ಪಿ.ಬಿ. ಧುತ್ತರಗಿಯವರು ಸಾಮಾಜಿಕ ನಾಟಕಗಳನ್ನು ಕೊಟ್ಟರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಸಿನಿಮಾ ಆಗಿ ನಾಡಿಗೆಲ್ಲ ಗೊತ್ತಾಯಿತು. ನಮ್ಮ ಕಡೆಯವರಿಗೆ ಅದು ಮೊದಲು ನಾಟಕ. ವೃತ್ತಿರಂಗಭೂಮಿಯ ಇಬ್ಬರು ದೊಡ್ಡ ನಾಟಕಕಾರರು ಒಂದೇ ತಾಲೂಕಿನ ನೆಲಕ್ಕೆ ಸೇರಿದ್ದು ಕಾಕತಾಳೀಯ ಎಂದು ನಾನು ಒಪ್ಪುವುದಿಲ್ಲ. ಊರೂರಿಗೆ ತಾಲೀಮು ನಡೆಯುವ ಕಡೆ ಬರೆಯುವವನಿಗೆ ಕಿವಿ ತಾನಾಗಿ ಬೆಳೆಯುತ್ತದೆ.

ತಾಲೀಮಿಗೆ ಅಕ್ಕ–ತಂಗಿಯರಂಥ ಶಾಲೆಗಳು ಇನ್ನೂ ಇದ್ದವು. ಶ್ರಾವಣದಲ್ಲಿ ಮಠದೊಳಗೆ ತಿಂಗಳುಗಟ್ಟಲೆ ಪುರಾಣ. ಒಬ್ಬರು ಪುರಾಣ ಹೇಳುವವರು, ಒಬ್ಬ ಗವಾಯಿ, ಒಬ್ಬ ತಬಲಾದವರು. ಕೇಳುವವರು ಎಲ್ಲ ಕಸುಬಿನವರು. ಈ ಗವಾಯಿಗಳ ಬೇರು ಹುಡುಕುತ್ತ ಹೋದರೆ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ ಬಂದು ನಿಲ್ಲುತ್ತೇವೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಅಲ್ಲಿ ಶಿವಯೋಗಮಂದಿರ ಕಟ್ಟಿದರು. ಅವರ ಆಸರೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರಿಗೆ ಸಂಚಾರಿ ಸಂಗೀತ ಶಾಲೆ ಒಯ್ದರು. ಅದು ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಮುಧೋಳ–ಲೋಕಾಪುರದ ಕಡೆ ಶ್ರೀಕೃಷ್ಣ ಪಾರಿಜಾತದ ಮೇಳಗಳು. ಆ ಆಟಕ್ಕೆ ಕೌಜಲಗಿ ನಿಂಗಮ್ಮನ ಹೆಸರು ಎಷ್ಟು ಅಂಟಿಕೊಂಡಿದೆಯೋ ಲೋಕಾಪುರದ ಅಪ್ಪಾಲಾಲ ನದಾಫರ ಹೆಸರೂ ಅಷ್ಟೇ ಅಂಟಿಕೊಂಡಿದೆ. ಕೃಷ್ಣನ ಕಥೆ ಹೇಳುವವನ ಜಾತಿ ಯಾವುದೆಂದು ಯಾರೂ ಕೇಳಲಿಲ್ಲ. ಇಳಕಲ್ಲಿನಲ್ಲಿ ಕುಣಿಮಗ್ಗದ ಲಾಳಿಯ ಲಯಕ್ಕೆ ಭಜನೆಯ ಪದಗಳು ಹೊಂದಿಕೊಳ್ಳುತ್ತಿದ್ದವು. ಕಂಡಿಕೆ ಸುತ್ತುವ ಹುಡುಗ ಅಪ್ಪನ ಕಸುಬಿನ ಜೊತೆಗೇ ಅಪ್ಪನ ಹಾಡನ್ನೂ ಕಲಿಯುತ್ತಿದ್ದ. ವಿದ್ಯುತ್ ಮಗ್ಗದ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳುವುದಿಲ್ಲ, ಇನ್ನು ಹಾಡೆಲ್ಲಿ?

ಬಾಗಲಕೋಟೆಯ ಕಥೆ ಇನ್ನೂ ಬೇರೆ. ಅಲ್ಲಿಯ ಶಾಲೆ ಓಣಿ. ಹೋಳಿಯ ದಿನಗಳಲ್ಲಿ ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆಗಳು ಬಣ್ಣದ ಬಂಡಿ ಹೊರಡಿಸುತ್ತವೆ. ಅದಕ್ಕೂ ಮೊದಲು ಓಣಿಯ ಹುಡುಗರ ಕೈಗೆ ಹಲಗಿ ಬರುತ್ತದೆ. ಮಜಲು ಹೇಗೆ ಏರಬೇಕು, ಎಲ್ಲಿ ಇಳಿಯಬೇಕು, ನೂರು ಹಲಗಿ ಒಂದೇ ಪೆಟ್ಟಿಗೆ ಹೇಗೆ ನಿಲ್ಲಬೇಕು ಎಂಬುದನ್ನು ಹಿರಿಯರು ರಸ್ತೆಯಲ್ಲೇ ಕಲಿಸುತ್ತಿದ್ದರು. ಲಾಲ್ ಬಹಾದೂರ್ ಶಾಸ್ತ್ರಿಯವರು 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಅಣೆಕಟ್ಟು ಮೇಲೇರಿ 519.6 ಮೀಟರಿಗೆ ನೀರು ನಿಂತಾಗ ಹಿನ್ನೀರು ಹಳೆಯ ಊರಿನೊಳಕ್ಕೆ ಬಂತು. ಜನ ನವನಗರಕ್ಕೆ ಎದ್ದು ಹೋದರು. ಅಲ್ಲಿ ಅಗಲ ರಸ್ತೆ ಸಿಕ್ಕಿತು, ಗಟಾರ ಸಿಕ್ಕಿತು, ಸೆಕ್ಟರಿಗೊಂದು ನಂಬರು ಸಿಕ್ಕಿತು. ಒಂದೇ ಓಣಿಯವರು ಬೇರೆಬೇರೆ ಸೆಕ್ಟರಿಗೆ ಚದುರಿದರು. ಹೋಳಿ ಬಂದರೆ ಇಂದಿಗೂ ಹಳೆಯ ಊರಿಗೆ ಇಳಿದು ಬಂದು ಬಣ್ಣ ಆಡುತ್ತಾರೆ. ಆದರೆ ಹಬ್ಬಕ್ಕೆ ಬರುವುದು ಬೇರೆ, ಹಬ್ಬದ ಮುಂಚಿನ ಸಂಜೆಗಳಲ್ಲಿ ಕಟ್ಟೆಯ ಮೇಲೆ ಕೂತು ಕೈ ಪಳಗಿಸಿಕೊಳ್ಳುವುದು ಬೇರೆ. ಪರಿಹಾರದ ಲೆಕ್ಕದಲ್ಲಿ ಮನೆ ಬಂತು, ಹೊಲ ಬಂತು, ಬಾವಿ, ಗಿಡ ಎಲ್ಲ ಬಂದವು; ಭಜನೆ ಮೇಳಕ್ಕೆ, ಹಲಗಿಯ ಮಜಲಿಗೆ ಕಾಲಂ ಇರಲಿಲ್ಲ. ಅಣೆಕಟ್ಟಿನ ಮಟ್ಟ 524.256 ಮೀಟರಿಗೆ ಏರಿದರೆ ಇನ್ನಷ್ಟು ಹಳ್ಳಿಗಳು ಏಳಬೇಕು. ಆಗಲಾದರೂ ಇದನ್ನು ಯಾರಾದರೂ ನೆನೆದಾರೆಯೇ?

ಮುಳುಗದ ಊರುಗಳಲ್ಲೂ ತಾಲೀಮು ಉಳಿಯಲಿಲ್ಲ. ಎಲ್ಲರೂ ಟಿವಿಯನ್ನು ಬೈಯುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣ ದುಡಿಮೆಯ ರೀತಿ ಬದಲಾದದ್ದು ಎನಿಸುತ್ತದೆ. ಬೋರು, ಕಾಲುವೆ ಬಂದ ಹೊಲಕ್ಕೆ ಬಿಡುವೆಂಬುದಿಲ್ಲ; ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟರೆ ರೈತ ರಾತ್ರಿಯೇ ನೀರು ಹಾಯಿಸಬೇಕು. ನೀರಿಲ್ಲದ ಕಡೆಯ ಹರೆಯದವರು ಬಿತ್ತಿಗೆ ಮುಗಿದದ್ದೇ ಮಂಗಳೂರು, ಉಡುಪಿ, ಗೋವೆಗೆ ಗುಳೆ ಹೋಗುತ್ತಾರೆ. ಜಾತ್ರೆಗೆ ಎರಡು ದಿನ ಮುಂಚೆ ಬಸ್ಸಿಳಿದವನಿಗೆ ಪಾರ್ಟು ಕೊಡುವುದು ಹೇಗೆ? ಹಾಗಾಗಿ ಈಗ ಸುಲಭದ ದಾರಿ ಹಿಡಿದಿದ್ದೇವೆ. ನಟಿಯರನ್ನು, ಪೇಟಿಯವರನ್ನು, ಸೀನರಿಯನ್ನು, ಲೈಟನ್ನು ಗುತ್ತಿಗೆಗೆ ತರುತ್ತೇವೆ. ಒಂದೆರಡು ದಿನ ಪುಸ್ತಕ ಹಿಡಿದು ಓದಿ, ಉಳಿದದ್ದನ್ನು ಪ್ರಾಂಪ್ಟರನ ಮೇಲೆ ಹಾಕುತ್ತೇವೆ. ನಡುನಡುವೆ ಸಿನಿಮಾ ಹಾಡಿನ ಕುಣಿತ, ಆಯೇರಿಯ ಅನೌನ್ಸಮೆಂಟು. ಜನ ತುಂಬಿರುತ್ತಾರೆ, ಸೀಟಿ ಬೀಳುತ್ತದೆ. ಬೆಳಗಾದರೆ ಊರಿನವರ ನಾಲಿಗೆಯ ಮೇಲೆ ಒಂದು ಮಾತೂ ಉಳಿದಿರುವುದಿಲ್ಲ.

ಹಳೆಯದೆಲ್ಲ ಹೊನ್ನು ಎಂದು ಹಾಡುವ ಉದ್ದೇಶ ನನಗಿಲ್ಲ. ಆ ಗುಡಿಯ ತಾಲೀಮಿನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಮಾಳಿಗೆಯ ಮೇಲೆ ಕತ್ತಲಲ್ಲಿ ಕೂತು ಕೇಳಬೇಕಿತ್ತು. ಹಲಗಿ ಬಾರಿಸಿ ನಾಟಕಕ್ಕೆ ಜನ ಕೂಡಿಸಿದ ಕೇರಿಯವನೇ ಗುಡಿಯ ಹೊರಗೆ ನಿಲ್ಲಬೇಕಿತ್ತು. ರಂಗಕ್ಕೆ ಬಂದ ನಟಿಗೆ ರಾತ್ರಿ ಚಪ್ಪಾಳೆ, ಬೆಳಿಗ್ಗೆ ಕೊಂಕುಮಾತು. ನಮ್ಮದೇ ಬೀಳಗಿಯ ಅಕ್ಕ–ತಂಗಿ ಗೋಹರಬಾಯಿ ಮತ್ತು ಅಮೀರಬಾಯಿ ತಮ್ಮ ಹೆಸರಿಗೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡು ಬೆಳಗಿದ್ದು ಹೊರನಾಡಿನಲ್ಲಿ. ಒಬ್ಬರು ಬಾಲಗಂಧರ್ವರ ಮರಾಠಿ ರಂಗದಲ್ಲಿ, ಇನ್ನೊಬ್ಬರು ಮುಂಬಯಿಯ ಹಿಂದಿ ಸಿನಿಮಾದಲ್ಲಿ. ಹೀಗೆ ಬಾಗಿಲು ಮುಚ್ಚಿಕೊಂಡದ್ದರಿಂದಲೂ ತಾಲೀಮು ಸೊರಗಿತು ಎಂಬುದು ನನ್ನ ಎಣಿಕೆ. ಊರಿನ ಅರ್ಧ ಜನರನ್ನು ಹೊರಗಿಟ್ಟ ಶಾಲೆಗೆ ಮುಂದಿನ ತಲೆಮಾರಿನ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು?

ಸರಕಾರ ಸುಮ್ಮನೆ ಕೂತಿದೆ ಎಂದೂ ಹೇಳಲಾರೆ. ಬಯಲಾಟಕ್ಕೆಂದೇ ಬೇರೆಯಾದ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಚಾಲುಕ್ಯ ಉತ್ಸವ, ಮುಧೋಳದಲ್ಲಿ ರನ್ನನ ಹೆಸರಿನ ಉತ್ಸವ. ಆದರೆ ಉತ್ಸವ ಕೊಡುವುದು ಒಂದು ಸಂಜೆ. ವೇದಿಕೆ ಹತ್ತಿ, ಇಪ್ಪತ್ತು ನಿಮಿಷದಲ್ಲಿ ಪಾರಿಜಾತ ಮುಗಿಸಿ, ಶಾಲು ಹೊದ್ದು ಇಳಿಯಬೇಕು. ಮೂರು ದಿನದ ಕಮ್ಮಟದ ಕೊನೆಗೆ ಪ್ರಮಾಣಪತ್ರ ಸಿಗುತ್ತದೆ; ಮೂರು ತಿಂಗಳು ಒಬ್ಬನ ಮಾತನ್ನು ಇನ್ನೊಬ್ಬ ಕೇಳಿ ತಿದ್ದುವ ತಾಳ್ಮೆ ಅದರಿಂದ ಬರುವುದಿಲ್ಲ. ಪ್ರದರ್ಶನಕ್ಕೆ ಕೊಡುವ ಅನುದಾನದ ಅರ್ಧವನ್ನಾದರೂ ಕಲಿಸುವವರ ಸಂಬಳಕ್ಕೆ ಕೊಡಲಿ. ಒಂದು ಪೇಟಿ, ಒಂದು ಜೋಡಿ ತಬಲಾ, ತಿಂಗಳಿಗೆ ಇಷ್ಟು ಎಂದು ಗೊತ್ತುಪಡಿಸಿದ ಒಬ್ಬ ಮಾಸ್ತರ ಅಥವಾ ಮಾಸ್ತರಣಿ ಇದ್ದರೆ ಒಂದು ಊರಿನ ತಾಲೀಮು ನಡೆಯುತ್ತದೆ. ಕಂಪನಿ ಬಿಟ್ಟು ಮನೆಯಲ್ಲಿ ಕೂತ ಹಿರಿಯ ಕಲಾವಿದರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಮಾಸಾಶನದ ಜೊತೆ ಒಂದು ಗುಡಿಕಟ್ಟೆ, ಹತ್ತು ಮಂದಿ ಕಲಿಯುವವರು ಸಿಕ್ಕರೆ ಸಾಕು.

ಉಳಿದದ್ದು ನಮ್ಮ ಕೆಲಸ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ನಿಮ್ಮ ಚಟ ನನಗೆ ಹಾಕಿ ಎಂದು ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ಇಂದು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅಂಥ ನೆಲದಲ್ಲಿ ರಾತ್ರಿಯ ಎರಡು ತಾಸು ಬೇಡುವುದು ಹೆಚ್ಚಲ್ಲ. ಈ ಸಲ ಹೆಣ್ಣುಮಕ್ಕಳು ಮಾಳಿಗೆ ಇಳಿದು ಬರಲಿ, ಕೇರಿಯವರು ಪೇಟಿಯ ಪಕ್ಕದಲ್ಲಿ ಕೂಡಲಿ, ಗುಳೆ ಹೋದವರು ಅಲ್ಲಿಂದಲೇ ಫೋನಿನಲ್ಲಿ ಪಾರ್ಟು ಒಪ್ಪಿಸಲಿ. ಹಳ್ಳಿಹಳ್ಳಿಗೂ ಸಮುದಾಯ ಭವನಗಳಿವೆ. ಮದುವೆಯ ದಿನ ಬಿಟ್ಟರೆ ಕೀಲಿ ಹಾಕಿಯೇ ಇರುತ್ತವೆ. ದೀಪಾವಳಿ ಮುಗಿದ ವಾರ ನಿಮ್ಮೂರ ಭವನದ ಕೀಲಿ ಯಾರ ಹತ್ತಿರ ಇದೆ ಎಂದು ವಿಚಾರಿಸಿ, ಹೋಗಿ ಇಸಿದುಕೊಳ್ಳಿ.