ಬೀಪ್ ಬಂತಾ ಟೀಚರ್?

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಂಗಳೂರು ನಗರದೊಳಗಿನ ಒಂದು ಹಳೆಯ ಅನುದಾನಿತ ಪ್ರೌಢಶಾಲೆ. ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಒಂದು ತುದಿಯಲ್ಲಿ ಆಫೀಸು, ಇನ್ನೊಂದು ತುದಿಯಲ್ಲಿ ವಿಜ್ಞಾನ ಪ್ರಯೋಗಾಲಯ, ನಡುವೆ ಉದ್ದದ ಜಗಲಿ. ನನ್ನ ಬೋಧನಾ ವಿಷಯ ಭೌತವಿಜ್ಞಾನ ಮತ್ತು ಗಣಿತ. ಎರಡನೆಯ ವಾರ ಒಂಬತ್ತನೆಯ ತರಗತಿಗೆ ‘ಶಬ್ದ’ ಪಾಠ ಮಾಡಿ ಬರುತ್ತಿದ್ದಾಗ ಮುಖ್ಯೋಪಾಧ್ಯಾಯಿನಿಯವರು ಕರೆದು, ಕಪಾಟಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ತೋರಿಸಿದರು.

“ನೀವು ಬಿಎಸ್ಸಿಯವರಲ್ವಾ? ಫಿಸಿಕ್ಸ್ ಅಲ್ವಾ? ಇದನ್ನು ಹಾಕ್ಲಿಕ್ಕೆ ಆಗ್ತದಾ ನೋಡಿ.”

ಹಿಂದಿನ ರಜೆಯಲ್ಲಿ ಪ್ರಯೋಗಾಲಯದಿಂದ ಪ್ರೊಜೆಕ್ಟರ್ ಮತ್ತು ಕೆಲವು ಉಪಕರಣಗಳು ಕಳವಾಗಿದ್ದವಂತೆ. ಆಮೇಲೆ ಹಳೆ ವಿದ್ಯಾರ್ಥಿಯೊಬ್ಬರು ವೈರ್‌ಲೆಸ್ ಅಲಾರಂ ಕಿಟ್ ತಂದುಕೊಟ್ಟಿದ್ದರು. ಹಾಕಿಕೊಡುತ್ತೇನೆಂದ ಮೆಕ್ಯಾನಿಕ್ ಬಂದಿರಲಿಲ್ಲ. ಪೆಟ್ಟಿಗೆಯಲ್ಲಿ ಒಂದು ರಿಸೀವರ್, ಅಡಾಪ್ಟರ್, ಸೈರನ್, ಬಾಗಿಲಿಗೆ ಹಾಕುವ ಮೂರು ಸೆನ್ಸರ್, ಜನರ ಚಲನೆ ಹಿಡಿಯುವ ಒಂದು ಪಿಐಆರ್ ಸೆನ್ಸರ್, ಎರಡು ರಿಮೋಟ್ ಇದ್ದವು. ನಾನು “ಆಗ್ತದೆ ಮೇಡಂ” ಎಂದೆ. ಪದವಿಯಲ್ಲಿ ರೇಡಿಯೋ ಗ್ರಾಹಕದ ಬ್ಲಾಕ್ ಚಿತ್ರವನ್ನು ಅಂಕಕ್ಕಾಗಿ ಎಷ್ಟೋ ಸಲ ಬರೆದಿದ್ದೆ. ಒಂದನ್ನಾದರೂ ಕೈಯಲ್ಲಿ ಹಿಡಿದು ಗೋಡೆಗೆ ಹೊಡೆದವಳಲ್ಲ. ಅದನ್ನು ಹೇಳಬೇಕೆಂದು ಆಗ ಅನಿಸಲಿಲ್ಲ.

ಕೆಲಸ ಮೊದಲಿಗೆ ಸುಲಭವಾಗಿಯೇ ಕಂಡಿತು. ಬಾಗಿಲ ಸೆನ್ಸರ್‌ನಲ್ಲಿ ಎರಡು ತುಂಡು. ಬಾಗಿಲಿಗೆ ಹಾಕುವ ತುಂಡಿನಲ್ಲಿ ಬರೀ ಕಾಂತ. ದಾರಂದಕ್ಕೆ ಹಾಕುವ ತುಂಡಿನಲ್ಲಿ ಗಾಜಿನ ನಳಿಗೆಯೊಳಗಿನ ರೀಡ್ ಸ್ವಿಚ್, ಬ್ಯಾಟರಿ ಮತ್ತು ಸಣ್ಣದೊಂದು ಪ್ರೇಷಕ. ಬಾಗಿಲು ತೆರೆದರೆ ಕಾಂತ ದೂರವಾಗುತ್ತದೆ, ಸ್ವಿಚ್ ಸ್ಥಿತಿ ಬದಲಾಗುತ್ತದೆ, ಪ್ರೇಷಕ ತನ್ನ ಸಂಕೇತವನ್ನು 433 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕಳಿಸುತ್ತದೆ. ರಿಸೀವರ್ ತಾನು ಮೊದಲೇ ಕಲಿತ ಸಂಕೇತವಾದರೆ ಸೈರನ್ ಕೂಗಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಕಲಿಸುವುದೂ ಕಷ್ಟವಿಲ್ಲ. ರಿಸೀವರ್‌ನ ಗುಂಡಿ ಒತ್ತಿ ಹಿಡಿದರೆ ದೀಪ ಮಿನುಗುತ್ತದೆ, ಆಗ ಸೆನ್ಸರ್‌ನಿಂದ ಕಾಂತವನ್ನು ದೂರ ಸರಿಸಿದರೆ ‘ಬೀಪ್’ ಬರುತ್ತದೆ. ಆಫೀಸಿನ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು ಒಂದೊಂದಾಗಿ ಮಾಡಿದೆ. ಎಲ್ಲದಕ್ಕೂ ಬೀಪ್ ಬಂತು. ಪ್ಲಗ್ ಹತ್ತಿರವಿದೆಯೆಂದು ರಿಸೀವರ್ ಅನ್ನು ಕಬ್ಬಿಣದ ಕಪಾಟಿನ ಮೇಲಿಟ್ಟೆ. ಸೆನ್ಸರ್‌ಗಳನ್ನು ಬಾಗಿಲುಗಳಿಗೆ ಸ್ಕ್ರೂ ಹಾಕಿ ಕೂರಿಸಿದೆ. ಪ್ರಯೋಗಾಲಯದ ಬಾಗಿಲು ತೆರೆದೆ. ಏನೂ ಇಲ್ಲ. ಮತ್ತೆ ತೆರೆದೆ. ಏನೂ ಇಲ್ಲ.

ಪೆಟ್ಟಿಗೆಯ ಮೇಲೆ 100 ಮೀಟರ್ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಜಗಲಿಯನ್ನು ಹೆಜ್ಜೆ ಹಾಕಿ ಅಳೆದರೆ 40 ಮೀಟರ್ ಕೂಡ ಆಗುವುದಿಲ್ಲ. 100 ಮೀಟರ್ ಎಂದರೆ ಬಯಲಿನಲ್ಲಿ, ಅಡ್ಡ ಏನೂ ಇಲ್ಲದಾಗ ಎಂದು ನಾನೇ ಅರ್ಥಮಾಡಿಕೊಳ್ಳಬೇಕಿತ್ತು. ಇಲ್ಲಿ ನಡುವೆ ನಾಲ್ಕು ಮುರಕಲ್ಲಿನ ಗೋಡೆ. ಆ ವಾರ ದಿನಾ ಮಧ್ಯಾಹ್ನದ ಮೇಲೆ ಗುಡುಗು ಮಳೆ. ನೀರು ಕುಡಿದ ಗೋಡೆ ಒಣಗಿದ ಗೋಡೆಗಿಂತ ಹೆಚ್ಚು ಅಲೆಯನ್ನು ನುಂಗುತ್ತದೆ.

ಆಗ ಬಾಗಿಲ ಬಳಿ ಇಣುಕಿದವನು ಒಂಬತ್ತನೆಯ ತರಗತಿಯ ಹುಡುಗ. ಹೆಸರು ಇಲ್ಲಿ ಬೇಡ. ನನ್ನ ಹಾಜರಿಯಲ್ಲಿ ಹಿಂದಿನ ಬೆಂಚು, ಘಟಕ ಪರೀಕ್ಷೆಯಲ್ಲಿ 25ಕ್ಕೆ 6. ರಜೆಯಲ್ಲಿ ಮಾವನ ಜೊತೆ ಡಿಶ್ ಫಿಟ್ಟಿಂಗಿಗೆ ಹೋಗುತ್ತಾನೆಂದು ಆಮೇಲೆ ತಿಳಿಯಿತು.

“ಟೀಚರ್, ಕಬ್ಬಿಣದ ಮೇಲೆ ಇಡ್ಬೇಡಿ. ಮತ್ತೆ ಆ ವಯರು ಎಂತಕ್ಕೆ ಕಟ್ಟಿಟ್ಟದ್ದು?”

ರಿಸೀವರ್‌ನ ಹಿಂದಿನಿಂದ ಬಂದ ತೆಳುವಾದ ತಂತಿಯನ್ನು ಕಾರ್ಖಾನೆಯವರು ಸುತ್ತಿ ಪ್ಲಾಸ್ಟಿಕ್ ಕಟ್ಟು ಹಾಕಿ ಕಳಿಸಿದ್ದರು. ಅದು ಆಂಟೆನಾ. ನಾನು ಅದನ್ನು ಬಿಚ್ಚಿರಲೇ ಇಲ್ಲ. ಅದೇ ವಾರ ಹಲಗೆಯ ಮೇಲೆ ‘ವೇಗ = ಆವೃತ್ತಿ × ತರಂಗದೂರ’ ಎಂದು ಬರೆದು ಮೂರು ಲೆಕ್ಕ ಮಾಡಿಸಿದವಳು ನಾನು. ಸೆಕೆಂಡಿಗೆ 3 ಲಕ್ಷ ಕಿಲೋಮೀಟರನ್ನು 433 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸುಮಾರು 69 ಸೆಂಟಿಮೀಟರ್, ಅದರ ಕಾಲು ಭಾಗ 17 ಚಿಲ್ಲರೆ. ತಂತಿ ಬಿಡಿಸಿ ಸ್ಕೇಲ್ ಇಟ್ಟು ನೋಡಿದೆವು. 17 ಸೆಂಟಿಮೀಟರ್ ದಾಟಿ ಎರಡು ಗೆರೆ. ಹುಡುಗನಿಗೆ ಅದೇನೂ ವಿಶೇಷವೆನಿಸಲಿಲ್ಲ. ನನಗೆ ಮಾತ್ರ ಮುಖ ಬಿಸಿಯಾಯಿತು.

ಮರುದಿನ 5ಇ ಮಾದರಿಯ ಪಾಠಯೋಜನೆಯಲ್ಲಿ ‘ತೊಡಗಿಸಿಕೊಳ್ಳುವಿಕೆ’ ಹಂತಕ್ಕೆ ಬರೆದಿದ್ದ ಶ್ರುತಿಕವೆಯನ್ನು ಬಿಟ್ಟು ಈ ತಂತಿಯನ್ನೇ ತರಗತಿಗೆ ಒಯ್ದೆ. “ಇದೂ ಅಲೆಯಾ ಟೀಚರ್? ಹಾಗಾದ್ರೆ ಕೇಳೂದಿಲ್ಲ ಯಾಕೆ?” ಎಂಬ ಪ್ರಶ್ನೆ ಬಂತು. ಶಬ್ದಕ್ಕೆ ಮಾಧ್ಯಮ ಬೇಕು, ಇದಕ್ಕೆ ಬೇಡ ಎಂಬ ವ್ಯತ್ಯಾಸವನ್ನು ನಾನು ಹೇಳುವ ಮೊದಲೇ ಅವರು ಕೇಳಿ ತೆಗೆದುಕೊಂಡರು. ಜಗದೀಶಚಂದ್ರ ಬೋಸರು 1895ರಲ್ಲಿ ಕೊಲ್ಕತ್ತದಲ್ಲಿ ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆ ದಾಟಿಸಿ ದೂರದ ಗಂಟೆ ಬಾರಿಸಿದ್ದನ್ನೂ ಮದ್ದು ಸಿಡಿಸಿದ್ದನ್ನೂ ಹೇಳಿದೆ. “ಅವರದ್ದು ಮುರಕಲ್ಲು ಆಗಿರ್ಲಿಕ್ಕಿಲ್ಲ” ಎಂದಳು ಒಬ್ಬಳು.

ಸಂಜೆ ರಿಸೀವರ್ ಅನ್ನು ಕಪಾಟಿನಿಂದ ಇಳಿಸಿ, ರಸ್ತೆ ಕಡೆಯ ಗೋಡೆಗೆ ಮರದ ಹಲಗೆ ಹೊಡೆದು, ತಲೆಗಿಂತ ಎತ್ತರದಲ್ಲಿ, ತಂತಿ ನೆಟ್ಟಗೆ ನಿಲ್ಲುವ ಹಾಗೆ ಕೂರಿಸಿದೆವು. ಅಲ್ಲಿಂದ ಸಂಕೇತಕ್ಕೆ ಜಗಲಿಯ ತೆರೆದ ದಾರಿ ಸಿಗುತ್ತದೆ, ಗೋಡೆಗಳು ಕಡಿಮೆ. ಮಕ್ಕಳನ್ನು ಜಗಲಿಯುದ್ದಕ್ಕೂ ನಿಲ್ಲಿಸಿದೆ. ಅವನು ಪ್ರಯೋಗಾಲಯದ ಬಾಗಿಲು ತೆರೆಯುವುದು, “ಬೀಪ್ ಬಂತಾ ಟೀಚರ್?” ಎಂಬ ಕೂಗು ಬಾಯಿಂದ ಬಾಯಿಗೆ ಆಫೀಸಿಗೆ ಬರುವುದು, ನನ್ನ ಉತ್ತರ ಅದೇ ದಾರಿಯಲ್ಲಿ ಹಿಂದೆ ಹೋಗುವುದು. ಬಾಗಿಲಿಗೆ ಹತ್ತು ಸಲದಂತೆ ಪಟ್ಟಿ ಬರೆದೆವು. ಆಫೀಸು ಹತ್ತಕ್ಕೆ ಹತ್ತು, ಪ್ರಯೋಗಾಲಯ ಹತ್ತಕ್ಕೆ ಹತ್ತು, ಸ್ಟೋರ್ ರೂಮು ಹತ್ತಕ್ಕೆ ಏಳು. ಸೂಕ್ಷ್ಮ ಬೋಧನೆಯಲ್ಲಿ ನನ್ನ ಸಹಪಾಠಿಗಳ ಮುಂದೆ ಹತ್ತಕ್ಕೆ ಹತ್ತು ಬಂದ ಕೌಶಲಗಳು ನಿಜವಾದ ತರಗತಿಯಲ್ಲಿ ಎಷ್ಟಾದವೆಂದು ಆಗ ನೆನಪಾಯಿತು. ಮೇಜಿನ ಮೇಲೆ ಪರೀಕ್ಷಿಸಿದ್ದನ್ನು ಪರೀಕ್ಷೆ ಎನ್ನಲಿಕ್ಕಾಗುವುದಿಲ್ಲ.

ಇದನ್ನೆಲ್ಲ ನೋಡುತ್ತಾ ನಿಂತಿದ್ದ ಅಟೆಂಡರ್ ಕೊನೆಗೆ ಬಾಯಿಬಿಟ್ಟರು. “ಟೀಚರ್, ಬಾಗಿಲಿಗೆ ಹಾಕಿದ್ದು ಒಳ್ಳೆದಾಯ್ತು. ಆದ್ರೆ ಕಳ್ಳ ಬಂದದ್ದು ಹಂಚು ತೆಗೆದು.”

ಕೈಪಿಡಿಯ ಚಿತ್ರದಲ್ಲಿದ್ದದ್ದು ಸಪಾಟು ಕಾಂಕ್ರೀಟ್ ಮಾಡಿನ ಮನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರಿನಲ್ಲಿ ಕಳ್ಳನಿಗೆ ಬಾಗಿಲೇ ಬೇಕೆಂದಿಲ್ಲ ಎಂಬುದು ಊರಿನವಳಾದ ನನಗೆ ಹೊಳೆಯಬೇಕಿತ್ತು. ಬಾಗಿಲ ಸೆನ್ಸರ್ ಬಾಗಿಲನ್ನು ಮಾತ್ರ ಕಾಯುತ್ತದೆ. ಹಾಗಾಗಿ ಆಫೀಸಿಗೆಂದು ಇಟ್ಟಿದ್ದ ಪಿಐಆರ್ ಅನ್ನು ಪ್ರಯೋಗಾಲಯದೊಳಗೆ ತಂದೆವು. ಅದು ಸುತ್ತಲಿನ ಬಿಸಿಗಿಂತ ಬೇರೆ ಬಿಸಿಯುಳ್ಳ ಮೈಯೊಂದು ತನ್ನೆದುರು ಅಡ್ಡ ಹಾದುಹೋದಾಗ ಅವಕೆಂಪು ಕಿರಣದಲ್ಲಾಗುವ ಬದಲಾವಣೆಯನ್ನು ಹಿಡಿಯುತ್ತದೆ. ಮನುಷ್ಯ, ಬೆಕ್ಕು ಎಂಬ ಭೇದ ಅದಕ್ಕಿಲ್ಲ. ಹಂಚಿನ ಸಂದಿಯಿಂದ ಬೆಕ್ಕು ಓಡಾಡುವ ಪಕಾಸಿನ ಕಡೆಗೆ ಮುಖ ಮಾಡಿಸದೆ, ಗೋಡೆಯ ಮೂಲೆಯಿಂದ ನೆಲಕ್ಕೆ ಓರೆಯಾಗಿ ಕೂರಿಸಿದೆವು. ಮಾಡಿನಿಂದ ಯಾರೇ ಇಳಿದರೂ ಮೇಜಿನ ಮಟ್ಟಕ್ಕೆ ಬರಲೇಬೇಕಲ್ಲ.

ಐದು ದಿನ ಚೆನ್ನಾಗಿತ್ತು. ಆರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಸೈರನ್ ಕೂಗಿತು. ಅಟೆಂಡರ್ ಓಡಿ ಬಂದರೆ ಬೀಗ, ಹಂಚು ಎಲ್ಲ ಸರಿಯಾಗಿಯೇ ಇತ್ತು. ಮರುದಿನವೂ ಹಾಗೆಯೇ, ಅದೇ ಹೊತ್ತಿಗೆ. ಅಕ್ಕಪಕ್ಕದ ಮನೆಯವರು ಫೋನ್ ಮಾಡಿದರು.

ಅಂದು ಸ್ಟಾಫ್ ರೂಮಿನಲ್ಲಿ ನಡೆದದ್ದನ್ನು ಪ್ರತಿಫಲನ ದಿನಚರಿಯಲ್ಲಿ ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. “ಆ ಹುಡುಗನಿಗೆ ಎಲ್ಲ ಗೊತ್ತುಂಟಲ್ಲ, ಅವನದ್ದೇ ಕಿತಾಪತಿ” ಎಂದರು ಒಬ್ಬರು. “ಅವನಿಗೆ ಅದನ್ನೆಲ್ಲ ಮುಟ್ಲಿಕ್ಕೆ ಬಿಟ್ಟದ್ದು ಯಾರು?” ಎಂದರು ಇನ್ನೊಬ್ಬರು. ರಿಮೋಟ್ ಎರಡೂ ಮುಖ್ಯೋಪಾಧ್ಯಾಯಿನಿಯವರ ಮೇಜಿನಲ್ಲಿದ್ದವು. ಅದನ್ನು ಹೇಳಲು ನನಗೆ ಒಂದು ವಾಕ್ಯ ಸಾಕಿತ್ತು. ನಾನು ಹೇಳಲಿಲ್ಲ. ಮೌಲ್ಯಮಾಪನ ಹತ್ತಿರವಿತ್ತು, ನನ್ನ ಮೇಲೆ ಬರುವುದು ಬೇಡವೆಂದುಕೊಂಡೆ. ಅವನು ಒಂದು ಪೀರಿಯಡ್ ಪೂರ್ತಿ ಆಫೀಸಿನ ಹೊರಗೆ, ನಾವು ಕೂರಿಸಿದ ರಿಸೀವರ್‌ನ ಗೋಡೆಗೆ ಒರಗಿ ನಿಂತಿದ್ದ. ಆ ಪೀರಿಯಡ್ ನನ್ನದೇ ಆಗಿತ್ತು.

ಮೂರನೆಯ ಬೆಳಿಗ್ಗೆ ಐದೂಮುಕ್ಕಾಲಿಗೇ ಶಾಲೆಯ ಗೇಟಿನಲ್ಲಿ ನಿಂತೆ. ಆರು ಗಂಟೆಗೆ ರಸ್ತೆಯಾಚೆಯ ಅಂಗಡಿಯವರು ಶಟರ್ ಎತ್ತಿದರು. ಅದೇ ಕ್ಷಣ ನಮ್ಮ ಸೈರನ್ ಕೂಗಿತು. ಹೋಗಿ ಕೇಳಿದರೆ ಅವರೂ ಹಿಂದಿನ ವಾರವಷ್ಟೇ ಅದೇ ತರದ ಕಿಟ್ ಹಾಕಿಸಿದ್ದರು. ಆಂಟೆನಾ ಬಿಡಿಸಿ ರಸ್ತೆ ಕಡೆಯ ಗೋಡೆಗೆ ತಂದ ಮೇಲೆ ನಮ್ಮ ರಿಸೀವರ್‌ನ ಕಿವಿ ಅಷ್ಟು ಚುರುಕಾಗಿತ್ತು. ಆದರೆ ನಿಜವಾದ ತಪ್ಪು ಬೇರೆ. ಸೆನ್ಸರ್‌ನ ಮುಚ್ಚಳದೊಳಗೆ ಎಂಟು ಜಾಗಗಳಲ್ಲಿ ಜಂಪರ್ ಕೂರಿಸಿ ಕಿಟ್‌ನ ವಿಳಾಸ ಬದಲಿಸಬಹುದು. ಕೈಪಿಡಿಯ ಎರಡನೆಯ ಪುಟದಲ್ಲೇ ಹೇಳಿದೆ. ನಾನು ಕಾರ್ಖಾನೆಯಿಂದ ಬಂದ ಹಾಗೆಯೇ ಬಿಟ್ಟಿದ್ದೆ, ಅಂಗಡಿಗೆ ಹಾಕಿದವರೂ ಬಿಟ್ಟಿದ್ದರು. ಎರಡರ ಸಂಕೇತವೂ ಒಂದೇ.

ಪ್ರಾರ್ಥನೆಗೆ ಮೊದಲು ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ, ರಿಮೋಟಿನ ವಿಷಯವನ್ನೂ ಸೇರಿಸಿ. “ಹೌದಾ” ಎಂದರು, ಮಾತು ಬೇರೆ ಕಡೆ ಹೋಯಿತು. ಹುಡುಗನನ್ನು ಜಗಲಿಗೆ ಕರೆದು, ತಪ್ಪು ನನ್ನದು, ನಿನ್ನೆ ನಾನು ಮಾತಾಡಬೇಕಿತ್ತು, ಮಾತಾಡಲಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಅಂಗಳ ನೋಡಿದ.

“ಜಂಪರ್ ಚೇಂಜ್ ಮಾಡಿದ್ರಾ?”

“ಇನ್ನೂ ಇಲ್ಲ.”

“ಎಲ್ಲ ಅಳಿಸಿ ಪುನಃ ಕಲಿಸ್ಬೇಕು. ಇಲ್ಲದಿದ್ರೆ ಹಳೇದೂ ಉಳಿತದೆ.”

ಅಂದು ಸಂಜೆ ಅವನು ನಿಲ್ಲಲಿಲ್ಲ, ಬಸ್ಸು ಎಂದ. ನಾನೊಬ್ಬಳೇ ಮಾಡಿದೆ. ಮರುದಿನ ಬಂದು ಮುಚ್ಚಳ ತೆಗೆದು ನೋಡಿದ, ಏನೂ ಹೇಳಲಿಲ್ಲ.

ಎಂಟನೆಯ ತರಗತಿಯ ಘಾತಾಂಕ ಪಾಠಕ್ಕೆ ಆ ಜಂಪರ್‌ಗಳನ್ನೇ ಬಳಸಿದೆ. ಪ್ರತಿ ಜಾಗಕ್ಕೂ ಮೂರು ಸ್ಥಿತಿ: ಮೇಲೆ, ಕೆಳಗೆ, ಖಾಲಿ. ಎಂಟು ಜಾಗ. ಮೂರನ್ನು ಎಂಟು ಸಲ ಗುಣಿಸಿದರೆ 6561. “ಒಬ್ಬ ಕೂತು ಎಲ್ಲವನ್ನೂ ಟ್ರೈ ಮಾಡಿದ್ರೆ?” ಎಂದು ಒಬ್ಬ ಕೇಳಿದ. ಸೆಕೆಂಡಿಗೊಂದರಂತೆ ಎಂದು ಲೆಕ್ಕ ಹಾಕಿದರು: 1 ಗಂಟೆ 49 ನಿಮಿಷ 21 ಸೆಕೆಂಡು. ಇಷ್ಟೇನಾ ಎಂದು ತರಗತಿ ನಕ್ಕಿತು. ಪ್ರತಿ ಸಲವೂ ಒಂದೇ ಸಂಕೇತ ಕಳಿಸುವ ಇಂಥ ಅಗ್ಗದ ಕಿಟ್ ಅನ್ನು ಕದ್ದು ಕೇಳಿ ಮರಳಿ ಕಳಿಸಬಹುದು, ಅದಕ್ಕೇ ಕಾರಿನ ಕೀಲಿಯಲ್ಲಿ ಪ್ರತಿ ಸಲ ಬದಲಾಗುವ ಸಂಕೇತ ಇರುತ್ತದೆ ಎಂದೂ ಹೇಳಿದೆ. ಇದನ್ನು ಮಕ್ಕಳಿಗೆ ಹೇಳಬೇಕಿತ್ತೇ ಎಂದು ಮಾರ್ಗದರ್ಶಕ ಶಿಕ್ಷಕಿ ಆಮೇಲೆ ಕೇಳಿದರು. ಹೇಳಬೇಕಿತ್ತು ಎಂದೇ ನನಗೆ ಈಗಲೂ ಅನಿಸುತ್ತದೆ.

ಕೊನೆಯ ವಾರ ರಿಸೀವರ್‌ನ ಪಕ್ಕ ಅಂಟಿಸಲು ಒಂದು ಹಾಳೆ ಬರೆದೆ. ಯಾವ ಸೆನ್ಸರ್ ಎಲ್ಲಿ, ಬ್ಯಾಟರಿ ಬದಲಿಸಿದ ತಾರೀಕು, ತಿಂಗಳಿಗೊಮ್ಮೆ ಪ್ರತಿ ಬಾಗಿಲಿಗೆ ಹತ್ತು ಸಲ ಪರೀಕ್ಷೆ, ಕರೆಂಟ್ ತೆಗೆದು ಬ್ಯಾಟರಿಯಲ್ಲಿ ನಡೆಯುತ್ತದೆಯೇ ಎಂದು ನೋಡುವುದು. ಸ್ಟೋರ್ ರೂಮು ಹತ್ತಕ್ಕೆ ಏಳು ಎಂಬುದನ್ನೂ ಮುಚ್ಚಿಡದೆ ಬರೆದೆ. ‘ಪರೀಕ್ಷೆ ಮಾಡುವವರು’ ಎಂಬಲ್ಲಿ ಅವನ ಹೆಸರು ಹಾಕಬಹುದೇ ಎಂದು ಕೇಳಿದೆ. ಮುಖ್ಯೋಪಾಧ್ಯಾಯಿನಿಯವರು ಒಪ್ಪಲಿಲ್ಲ. ‘ವಿಜ್ಞಾನ ಸಂಘ’ ಎಂದು ಬೇಕಾದರೆ ಹಾಕಿ ಎಂದರು. ಅವನು ಸಂಘದಲ್ಲಿ ಇರಲಿಲ್ಲ. ಸಂಘದ ಪುಸ್ತಕ ಕೇಳಿ ತೆಗೆದುಕೊಂಡು, ಅವನನ್ನು ಕರೆದು, ಹೆಸರನ್ನು ಅವನ ಕೈಯಲ್ಲೇ ಬರೆಸಿದೆ.