ನೆಲಕ್ಕಂಟಿದ ಕಾರಿಗೆ ನಾಲ್ಕು ಮೆಟ್ಟಿಲು

ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ 1997ರಿಂದ 2004ರ ಮಾದರಿ ವರ್ಷದವರೆಗೆ ತಯಾರಾದ ಐದನೇ ತಲೆಮಾರಿನ ಷೆವರ್ಲೆ ಕಾರ್ವೆಟ್, ರೇಡಿಯೇಟರಿಗೆ ಬೇಕಾದ ಗಾಳಿಯನ್ನು ಹೊಟ್ಟೆಯ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಮೂತಿಯ ಅಡಿಯಲ್ಲಿ ಅಡ್ಡಕ್ಕೆ ಇಳಿಬಿದ್ದಿರುವ ಒಂದು ಪ್ಲಾಸ್ಟಿಕ್ ಪಟ್ಟಿ, ಕಾರಿಗೂ ನೆಲಕ್ಕೂ ನಡುವೆ ನುಗ್ಗುವ ಗಾಳಿಯನ್ನು ತಡೆದು ಮೇಲಕ್ಕೆ ತಿರುಗಿಸುತ್ತದೆ. ಆ ಪಟ್ಟಿ ಕಿತ್ತುಹೋದರೆ ಹೆದ್ದಾರಿಯಲ್ಲಿ ಎಂಜಿನ್ ಕಾಯತೊಡಗುತ್ತದೆ. ಮನೆಯ ಗ್ಯಾರೇಜಿನಲ್ಲಿ ತಾನೇ ಆಯಿಲ್ ಬದಲಿಸಬೇಕೆಂದು ಹೊರಟ ಮಾಲೀಕನಿಗೆ ಮೊದಲು ಎದುರಾಗುವುದೂ ಅದೇ ಪಟ್ಟಿ. ಅಂಗಡಿಯಿಂದ ತಂದ ರ‍್ಯಾಂಪಿನ ಮೇಲೆ ಕಾರು ಹತ್ತಿಸಲು ಹೋದರೆ ಟೈರು ಮುಟ್ಟುವ ಮೊದಲೇ ಪಟ್ಟಿ ರ‍್ಯಾಂಪಿಗೆ ಒತ್ತಿ, ಮಡಚಿಕೊಂಡು, ಕಿರುಗುಟ್ಟುತ್ತದೆ.

ಕಾರ್ವೆಟ್, ಲೋಟಸ್ ಎಲೀಸ್, ಮಾಜ್ದಾ ಮಿಯಾಟಾದಂಥ ತಗ್ಗು ಕಾರುಗಳ ಒಡೆಯರಿಗೆ ರ‍್ಯಾಂಪು ಇಷ್ಟೊಂದು ಪ್ರೀತಿಯ ವಿಷಯವಾಗಿರುವುದು ಇದರಿಂದಲೇ. ಸಾಮಾನ್ಯ ಕಾರಿನವನು ಒಂದು ಜೊತೆ ರ‍್ಯಾಂಪು ಕೊಂಡು ತಂದು ಮರೆತುಬಿಡಬಹುದು. ತಗ್ಗು ಕಾರಿನವನು ಮಾತ್ರ ಟೇಪು ಹಿಡಿದು ನೆಲಕ್ಕೆ ಮಂಡಿಯೂರಬೇಕು. ಆ ಅಳತೆಯಲ್ಲೇ ಒಂದು ಸುಖವಿದೆ.

ಅಳೆಯಬೇಕಾದದ್ದು ಮೂರೇ. ಮುಂಚಕ್ರದ ನಡುವಿನಿಂದ ಮೂತಿಯ ತೀರ ತಗ್ಗಿನ ಅಂಚು ಎಷ್ಟು ಮುಂದಿದೆ, ಆ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಟೈರಿನ ಅರ್ಧ ಎತ್ತರ ಎಷ್ಟು. ಲೆಕ್ಕಕ್ಕೆಂದು ಅಂಚು 75 ಸೆಂ.ಮೀ. ಮುಂದೆ, 10 ಸೆಂ.ಮೀ. ಎತ್ತರದಲ್ಲಿ ಇದೆ ಎಂದುಕೊಳ್ಳೋಣ. ಈ ಕಾರ್ವೆಟ್ಟಿನ ಮುಂದಿನ ಟೈರು 245/45 ಆರ್17. ಅದರ ತ್ರಿಜ್ಯ 32.6 ಸೆಂ.ಮೀ. 17 ಡಿಗ್ರಿ ಇಳಿಜಾರಿನ ರ‍್ಯಾಂಪಿಗೆ ಈ ಟೈರು ತಾಗುವ ಹೊತ್ತಿಗೆ, ಮೂತಿಯ ಅಂಚಿನ ಕೆಳಗೆ ರ‍್ಯಾಂಪು ಆಗಲೇ 21 ಸೆಂ.ಮೀ. ಎದ್ದುನಿಂತಿರುತ್ತದೆ. ಇರುವ ಜಾಗ 10 ಸೆಂ.ಮೀ. ಮಾತ್ರ. ಇಳಿಜಾರು 8 ಡಿಗ್ರಿಗಿಂತ ಕೆಳಗಿಳಿದರಷ್ಟೇ ಈ ಕಾರು ಏನನ್ನೂ ತಾಗಿಸಿಕೊಳ್ಳದೆ ಹತ್ತೀತು.

ಇಳಿಜಾರು ಕಡಿಮೆಯಾದಷ್ಟೂ ರ‍್ಯಾಂಪು ಉದ್ದವಾಗುತ್ತದೆ. 15 ಸೆಂ.ಮೀ. ಏರಲು 17 ಡಿಗ್ರಿಯಲ್ಲಿ ಅರ್ಧ ಮೀಟರ್ ಸಾಕು. ಏಳೂವರೆ ಡಿಗ್ರಿಯಲ್ಲಿ 114 ಸೆಂ.ಮೀ. ಬೇಕು. ಒಂದು ಕಾರು ಹಿಡಿಸುವ ಗ್ಯಾರೇಜಿನಲ್ಲಿ ಅಷ್ಟುದ್ದದ ಎರಡು ವಸ್ತುಗಳನ್ನು ಎಲ್ಲಿಡುವುದು ಎಂಬುದು ಮನೆಮಂದಿಯೂ ಸೇರಿ ತೀರ್ಮಾನಿಸುವ ಪ್ರಶ್ನೆ.

ನಮ್ಮ ರಸ್ತೆಗಳ ಹಂಪುಗಳು ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ದುಂಡು. ಲೆಕ್ಕ ಹಾಕಿದರೆ ಅದರ ಅತಿ ಕಡಿದಾದ ಜಾಗದಲ್ಲೂ ಇಳಿಜಾರು ಆರು ಡಿಗ್ರಿ ಚಿಲ್ಲರೆ. ನಿಯಮದಂತೆ ಕಟ್ಟಿದ ಹಂಪನ್ನು ಕಾರ್ವೆಟ್ಟಿನ ಮೂತಿ ತಾಗದೆ ಹತ್ತಬಲ್ಲದು. ಒಂದೇ ರಾತ್ರಿಯಲ್ಲಿ ಡಾಂಬರು ಸುರಿದು ಎಬ್ಬಿಸಿದ ದಿಣ್ಣೆಯ ಮಾತು ಬೇರೆ.

ಕೊಂಡು ತರುವವರಿಗೆ ಈಗ ಒಳ್ಳೆಯ ಆಯ್ಕೆಗಳಿವೆ. ತಗಡು ಬಾಗಿಸಿ ಮಾಡಿದ ಹಳೆಯ ಕಬ್ಬಿಣದ ರ‍್ಯಾಂಪು ಅಗ್ಗ, ಆದರೆ ಕಡಿದು. ನಯವಾದ ಸಿಮೆಂಟು ನೆಲದ ಮೇಲೆ ಮುಂದಕ್ಕೆ ಜಾರಿಯೂ ಬಿಡುತ್ತದೆ. ತಗ್ಗು ಕಾರಿನವರ ಮನಸ್ಸು ಗೆದ್ದದ್ದು ಫೋಮಿನ ರ‍್ಯಾಂಪು. ರೇಸ್ ರ‍್ಯಾಂಪ್ಸ್ ಎಂಬ ಹೆಸರಿನಲ್ಲಿ ಮಾರುವ ಇದರ ಒಳಗಿರುವುದು ಗಟ್ಟಿಯಾದ ಪಾಲಿಸ್ಟೈರೀನ್, ಅಂದರೆ ನಮ್ಮ ಥರ್ಮೋಕೋಲಿನ ದಟ್ಟ ರೂಪ. ಮೇಲೆ ಪಾಲಿಯೂರಿಯಾದ ಬಿರುಸು ಲೇಪ. ಒಂದೇ ಕೈಯಲ್ಲಿ ಎತ್ತಬಹುದು. ಎರಡು ತುಂಡಿನ ಮಾದರಿಯಲ್ಲಿ ಕಾರು ಮೇಲೇರಿ ನಿಂತ ಮೇಲೆ ಇಳಿಜಾರಿನ ಭಾಗವನ್ನು ಕಳಚಿ ಪಕ್ಕಕ್ಕಿಡಬಹುದು. ಆಗ ಪಕ್ಕದಿಂದ ಒಳಗೆ ತೂರಲು ಜಾಗ ಸಿಗುತ್ತದೆ.

ಥರ್ಮೋಕೋಲು ಕಾರನ್ನು ಹೊರುತ್ತದೆಯೇ ಎಂದು ಮೊದಲ ಸಲ ನೋಡಿದವರಿಗೆ ಅಳುಕಾಗುವುದು ಸಹಜ. ನಾರ್ವೆಯ ಇಂಜಿನಿಯರುಗಳು 1972ರಲ್ಲೇ ಓಸ್ಲೋ ಸಮೀಪದ ಫ್ಲೋಮ್ ಎಂಬಲ್ಲಿ ಕುಸಿಯುತ್ತಿದ್ದ ಹೆದ್ದಾರಿಯ ಏರಿಯಿಂದ ಮಣ್ಣು ತೆಗೆದು, ಆ ಜಾಗದಲ್ಲಿ ಇದೇ ವಸ್ತುವಿನ ದಿಮ್ಮಿಗಳನ್ನು ಜೋಡಿಸಿ ರಸ್ತೆ ಕಟ್ಟಿದ್ದರು. ಅದರ ಮೇಲೆ ಲಾರಿಗಳು ಓಡಿದವು. ಭಾರ ಹರಡಿ ಬೀಳುವಂತೆ ಮಾಡಿದರೆ ಫೋಮು ಸಾಕಷ್ಟು ಹೊರುತ್ತದೆ. ಅದು ತಾಳದಿರುವುದು ಚೂಪಾದ ಮೂಲೆಯನ್ನು ಮತ್ತು ಪೆಟ್ರೋಲನ್ನು. ಲೇಪ ಹರಿದ ಕಡೆ ಪೆಟ್ರೋಲು ಬಿದ್ದರೆ ಪಾಲಿಸ್ಟೈರೀನ್ ಕರಗುತ್ತದೆ.

ಇಷ್ಟಾದರೂ ಕೈಯಾರೆ ಕಟ್ಟಿದ ಮರದ ರ‍್ಯಾಂಪೇ ಮೇಲು. ಅದು ಒಂದು ಕಾರಿಗೆಂದೇ, ಅದೇ ಕಾರಿನ ಅಳತೆಗೆ ಹುಟ್ಟಿದ್ದು.

ಅಮೆರಿಕದ ಮರದ ಅಡ್ಡೆಯಲ್ಲಿ ‘ಟೂ ಬೈ ಟ್ವೆಲ್ವ್’ ಎಂದು ಕರೆಯುವ ಹಲಗೆಯ ನಿಜವಾದ ದಪ್ಪ ಒಂದೂವರೆ ಇಂಚು, ಅಗಲ ಹನ್ನೊಂದೂಕಾಲು ಇಂಚು. ಹಸಿ ಮರ ಒಣಗಿ, ನಯಗೊಂಡ ಮೇಲೆ ಉಳಿಯುವ ಅಳತೆಯಿದು. ‘ಟೂ ಬೈ ಟೆನ್’ ಹಲಗೆ 235 ಮಿ.ಮೀ. ಅಗಲವಷ್ಟೇ ಇರುವುದರಿಂದ 245 ಮಿ.ಮೀ. ಟೈರಿಗೆ ಸಾಲದು, 286 ಮಿ.ಮೀ. ಅಗಲದ ಟೂ ಬೈ ಟ್ವೆಲ್ವ್ ಬೇಕು. ಒಂದರ ಮೇಲೊಂದು ನಾಲ್ಕು ಹಲಗೆ ಪೇರಿಸಿದರೆ ಆರು ಇಂಚು, ಅಂದರೆ 152 ಮಿ.ಮೀ. ಎತ್ತರ. ಮೇಲಿನ ಹಲಗೆ ಕೆಳಗಿನದಕ್ಕಿಂತ ಗಿಡ್ಡ, ಅದರ ಮೇಲಿನದು ಇನ್ನೂ ಗಿಡ್ಡ. ಹೀಗೆ 38 ಮಿ.ಮೀ. ಎತ್ತರದ ನಾಲ್ಕು ಮೆಟ್ಟಿಲುಗಳಾಗುತ್ತವೆ.

ಪ್ರತಿ ಮೆಟ್ಟಿಲು ಎಷ್ಟು ಉದ್ದವಿರಬೇಕು ಎಂಬಲ್ಲಿ ಕಸುಬಿನ ಸೊಗಸಿದೆ. ಸುಮ್ಮನೆ ಒಂದೊಂದು ಅಡಿಗೆ, ಅಂದರೆ ಸುಮಾರು 30 ಸೆಂ.ಮೀ.ಗೆ ಒಂದೊಂದು ಮೆಟ್ಟಿಲು ಎಂದು ಕತ್ತರಿಸಿದರೆ ಏನಾಗುತ್ತದೆ ನೋಡಿ. ಟೈರು ದುಂಡಗಿರುವುದರಿಂದ ಮೊದಲ ಮೆಟ್ಟಿಲಿನ ಅಂಚು ಟೈರಿಗೆ ತಾಗುವಾಗ, ಆ ಅಂಚು ಚಕ್ರದ ನಡುವಿಗಿಂತ 15 ಸೆಂ.ಮೀ. ಮುಂದಿರುತ್ತದೆ. 75ರಲ್ಲಿ 15 ಕಳೆದರೆ 60. ಮೂತಿಯ ಅಂಚು ಆಗಲೇ ಮೊದಲ ಮೆಟ್ಟಿಲಿನ ಅಂಚನ್ನು 60 ಸೆಂ.ಮೀ. ದಾಟಿ ಹೋಗಿರುತ್ತದೆ, ಮೂರನೇ ಮೆಟ್ಟಿಲು ಎದ್ದುನಿಂತಿರುವುದು ಸರಿಯಾಗಿ ಅಲ್ಲೇ. ಮೂರನೇ ಮೆಟ್ಟಿಲಿನ ಎತ್ತರ 114 ಮಿ.ಮೀ., ಮೂತಿಯದು 100. ತಾಗಿತು. ಮೆಟ್ಟಿಲನ್ನು 35 ಸೆಂ.ಮೀ.ಗೆ ಹಿಗ್ಗಿಸಿದರೆ ಮೂರನೆಯದು 70 ಸೆಂ.ಮೀ. ದೂರಕ್ಕೆ ಸರಿಯುತ್ತದೆ, ಮೂತಿಯ ಕೆಳಗೆ ಎರಡನೇ ಮೆಟ್ಟಿಲಿನ 76 ಮಿ.ಮೀ. ಮಾತ್ರ ಇರುತ್ತದೆ. ಚಕ್ರ ಮೊದಲ ಮೆಟ್ಟಿಲೇರಿ ಮೂತಿ ಮುಂದೆ ಸರಿಯುವ ಹೊತ್ತಿಗೆ ಮೂತಿಯೂ ಮೇಲೆದ್ದಿರುತ್ತದೆ. ಅದು ಚಕ್ರದ ಮುಂದೆ ಚಾಚಿಕೊಂಡಿರುವುದರಿಂದ ಚಕ್ರಕ್ಕಿಂತ ಕಾಲು ಪಾಲು ಹೆಚ್ಚೇ ಏರುತ್ತದೆ. ಬರೀ ಐದು ಸೆಂಟಿಮೀಟರಿನ ವ್ಯತ್ಯಾಸದಲ್ಲಿ ಕಾರು ಸಲೀಸಾಗಿ ಹತ್ತುತ್ತದೆ. ಕಾಗದದ ಮೇಲಿನ ಈ ಲೆಕ್ಕ ನೆಲದ ಮೇಲೆ ನಿಜವಾಗುವುದನ್ನು ಕಾಣುವುದು ಈ ಹವ್ಯಾಸದ ದೊಡ್ಡ ಖುಷಿ.

ಮೇಲಿನ ಹಲಗೆ ಚಕ್ರ ನೆಮ್ಮದಿಯಾಗಿ ನಿಲ್ಲುವಷ್ಟು, 45 ಸೆಂ.ಮೀ. ಇರಲಿ. ಕೆಳಗಿನವು 80, 115, 150. ಒಟ್ಟು 390 ಸೆಂ.ಮೀ.; ಹದಿನಾಲ್ಕು ಅಡಿಯ ಒಂದು ಹಲಗೆಯಲ್ಲಿ ಒಂದು ರ‍್ಯಾಂಪು ಮುಗಿದು ಮೇಲೆ ಒಂದಡಿ ಚೂರು ಉಳಿಯುತ್ತದೆ. ಆ ಚೂರನ್ನೇ ತುದಿಗೆ ಅಡ್ಡಲಾಗಿ ಜಡಿದರೆ ಚಕ್ರ ಮುಂದಕ್ಕೆ ಉರುಳದಂತೆ ತಡೆಯಾಯಿತು. ಹಲಗೆಗಳನ್ನು ಅಂಟು ಹಾಕಿ ಒತ್ತಿ, ಉದ್ದ ಸ್ಕ್ರೂಗಳಿಂದ ಬಿಗಿದು, ಪ್ರತಿ ಮೆಟ್ಟಿಲಿನ ಮುಂದಂಚನ್ನು ಓರೆಯಾಗಿ ಸವರಿದರೆ ಟೈರು ಕುಕ್ಕದೆ ಏರುತ್ತದೆ. ಸ್ಕ್ರೂವಿನ ತಲೆ ಮರದೊಳಗೆ ಪೂರ್ತಿ ಮುಳುಗಿರಬೇಕು. ಅಡಿಗೆ ಹಳೆಯ ರಬ್ಬರ್ ಚಾಪೆಯ ತುಂಡು ಅಂಟಿಸಿದರೆ ನೆಲದ ಮೇಲೆ ಜಾರುವುದಿಲ್ಲ.

ಮರದ ಬಲದ ಬಗ್ಗೆ ಚಿಂತೆ ಬೇಡ. ಟೈರಿನೊಳಗಿನ ಗಾಳಿಯ ಒತ್ತಡ ಎಷ್ಟೋ, ಟೈರು ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ. ಕಾರ್ವೆಟ್ಟಿಗೆ 30 ಪಿಎಸ್‌ಐ. ಡಗ್ಲಸ್ ಫರ್ ಮರ ಅಡ್ಡ ಎಳೆಗೆ ತಾಳಬಲ್ಲದೆಂದು ಕಟ್ಟಡದ ಇಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವ ಅಂಕಿ 625. ಇಪ್ಪತ್ತು ಪಟ್ಟು ಮಿಗತೆ. ಆದರೆ ಈ ಮಾತು ಒಳಗೆ ಟೊಳ್ಳಿಲ್ಲದೆ ಪೇರಿಸಿದ ಹಲಗೆಗೆ ಮಾತ್ರ. ಕಾಲು ಕೊಟ್ಟು ಮೇಲೊಂದು ಹಲಗೆ ಹೊದಿಸಿದ ಮೇಜಿನಂಥ ರ‍್ಯಾಂಪು ಪಕ್ಕಕ್ಕೆ ವಾಲಿ ಮುರಿಯಬಹುದು. ಟೊಳ್ಳು ಸಿಮೆಂಟ್ ಇಟ್ಟಿಗೆಯನ್ನಂತೂ ಕಾರಿನಡಿ ಯಾವತ್ತೂ ಇಡಬಾರದು. ಅದು ಬಿರುಕಿನ ಸುಳಿವೂ ಕೊಡದೆ ಪುಡಿಯಾಗುತ್ತದೆ.

ಗಟ್ಟಿ ಮರದ ಮೇಲಿನ ನಂಬಿಕೆ 2020ರ ನಂತರ ಇನ್ನೂ ಬೇರೂರಿತು. ಹಲ್ಲು ಜಾರಿ ಕಾರು ಕೆಳಗೆ ಬೀಳಬಹುದೆಂಬ ಕಾರಣಕ್ಕೆ ಆ ವರ್ಷ ಅಮೆರಿಕದಲ್ಲಿ ಲಕ್ಷಗಟ್ಟಲೆ ಜಾಕ್ ಸ್ಟ್ಯಾಂಡುಗಳನ್ನು ವಾಪಸು ಕರೆಸಿಕೊಂಡರು. ಮರದ ಪೇರಿಕೆಯಲ್ಲಿ ಜಾರುವ ಹಲ್ಲಿಲ್ಲ, ಕಳಚುವ ಪಿನ್ನಿಲ್ಲ.

ಕಾರು ಹತ್ತಿಸುವಾಗ ಜೊತೆಗೊಬ್ಬರು ಬೇಕೇ ಬೇಕು. ಚಾಲಕನ ಸೀಟಿನಿಂದ ಕಾರ್ವೆಟ್ಟಿನ ಮೂತಿಯ ತುದಿಯೇ ಕಾಣುವುದಿಲ್ಲ, ಇನ್ನು ಚಕ್ರ ಹಲಗೆಯ ನಡುವಿದೆಯೋ ಅಂಚಿನಲ್ಲಿದೆಯೋ ತಿಳಿಯುವುದು ಹೇಗೆ? ಹೊರಗೆ, ಪಕ್ಕಕ್ಕೆ ನಿಂತವರು ಕೈಸನ್ನೆ ಮಾಡುತ್ತಾರೆ. ಕಾರಿನ ಮುಂದೆ ಯಾರೂ ನಿಲ್ಲಬಾರದು. ಒಂದೊಂದೇ ಮೆಟ್ಟಿಲು, ಪ್ರತಿ ಮೆಟ್ಟಿಲಿನ ಮೇಲೂ ಒಂದು ನಿಲುಗಡೆ. ಮೇಲೆ ನಿಂತೊಡನೆ ಹ್ಯಾಂಡ್‌ಬ್ರೇಕ್ ಎಳೆದು ಹಿಂಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಬೇಕು. ಇಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂಗಾಲಿಗಳನ್ನು. ಯಾವತ್ತಾದರೂ ಹಿಂಭಾಗವನ್ನೇ ಜಾಕಿನಿಂದ ಎತ್ತಿದರೆ ಆ ಹಿಡಿತ ಗಾಳಿಗೆ ಹೋಗುತ್ತದೆ. ಆಗ ಕಲ್ಲು ಬೇಕಾದದ್ದು ಮುಂದಿನ ಗಾಲಿಗಳಿಗೆ.

ಆರು ಇಂಚು ಎತ್ತಿದ ಕಾರಿನಡಿ ಚಕ್ರದ ಮಣೆಯ ಮೇಲೆ ಮಲಗಿ ಉರುಳಾಡಲು ಜಾಗ ಸಾಲದು. ಹೆಚ್ಚಿನವರು ಫ್ರಿಜ್ಜೋ ಟಿವಿಯೋ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಹಾಸಿಕೊಂಡು ಬೆನ್ನ ಮೇಲೆ ಜಾರುತ್ತಾರೆ. ಕೆಳಗೆ ಸೇರಿಕೊಂಡ ಮೇಲೆ ಕಾರಿನ ಇನ್ನೊಂದು ಮುಖ ಕಣ್ಣೆದುರಿಗೆ ಬರುತ್ತದೆ. ಹಿಂಬದಿಯ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಬಾಗಿರುವುದು ಗಾಜಿನ ನಾರಿನ ಸಂಯುಕ್ತದಿಂದ ಮಾಡಿದ ಒಂದೇ ಪಟ್ಟೆ ಸ್ಪ್ರಿಂಗು. ಜಾಕಿನ ತಲೆಯನ್ನು ಅದಕ್ಕೆ ಕೊಟ್ಟು ಎತ್ತಬಾರದು. ಕೂರುವ ಜಾಗದ ನೆಲಹಾಸಿನ ಪದರಗಳ ನಡುವೆ ಬಾಲ್ಸಾ ಮರವಿದೆ. ಹಗುರವಾಗಿಯೂ ಬಿಗಿಯಾಗಿಯೂ ಇರಲೆಂದು ಇಂಜಿನಿಯರುಗಳು ಆರಿಸಿದ ಮರವದು. ಪಕ್ಕದ ತೊಲೆಗಳಲ್ಲಿ ಉದ್ದನೆಯ ನಾಲ್ಕು ಕಂಡಿಗಳಿವೆ. ಜಾಕ್ ಇಡುವುದು ಅಲ್ಲೇ, ಆದರೆ ನೇರವಾಗಿ ಇಟ್ಟರೆ ಪಕ್ಕದ ಫೈಬರ್ ಅಂಚು ಸೀಳುತ್ತದೆ. ಅದಕ್ಕೆ ಹವ್ಯಾಸಿಗಳು ಹಿಡಿದ ಉಪಾಯ ಐಸ್ ಹಾಕಿಯ ಪಕ್. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆಗೆ ನಡುವೆ ಬೋಲ್ಟ್ ತೂರಿಸಿ ಕಂಡಿಗೆ ಸಿಕ್ಕಿಸಿದರೆ, ಜಾಕಿನ ಭಾರವೆಲ್ಲ ತೊಲೆಗೇ ಬೀಳುತ್ತದೆ.

ಆಯಿಲ್ ಬದಲಿಸಲು ಮುಂಭಾಗ ಎತ್ತಿದರೆ ಸಾಕು. ಗೇರ್‌ಬಾಕ್ಸಿಗೆ ಸಾಲದು. ಈ ತಲೆಮಾರಿನಿಂದ ಕಾರ್ವೆಟ್ಟಿನ ಗೇರ್‌ಬಾಕ್ಸು ಎಂಜಿನ್ನಿಗೆ ಅಂಟಿಕೊಂಡಿರುವುದನ್ನು ಬಿಟ್ಟು ಹಿಂದಕ್ಕೆ, ಹಿಂಚಕ್ರಗಳ ಹತ್ತಿರಕ್ಕೆ ಹೋಯಿತು. ಮುಂದೆ ಹಿಂದೆ ತೂಕ ಸಮವಾಗಿ ಹಂಚಿಕೊಳ್ಳಲೆಂದು ಮಾಡಿದ ಏರ್ಪಾಡು. ಕೈಗೇರಿನ ಮಾದರಿಯಲ್ಲಿ ಎಣ್ಣೆ ಸರಿಯಿದೆಯೇ ಎಂದು ನೋಡುವುದು ಪಕ್ಕದ ತೂತಿನ ಅಂಚಿಗೆ ಎಣ್ಣೆ ಬಂದಿದೆಯೇ ಎಂಬುದರಿಂದ. ಮುಂಭಾಗ ಮಾತ್ರ 152 ಮಿ.ಮೀ. ಎತ್ತಿದ ಕಾರು ಮೂರು ಡಿಗ್ರಿಗೂ ಹೆಚ್ಚು ಹಿಂದಕ್ಕೆ ವಾಲಿರುತ್ತದೆ; ಆಗ ಸಿಗುವ ಅಳತೆ ಸುಳ್ಳು. ಹಾಗಾಗಿ ಅದೇ ಟೂ ಬೈ ಟ್ವೆಲ್ವ್ ಹಲಗೆಯಲ್ಲಿ ಆರು ಇಂಚಿನ ಎರಡು ಚೌಕ ಪೀಠಗಳನ್ನೂ ಮಾಡಿಟ್ಟುಕೊಂಡು, ಹಿಂಭಾಗವನ್ನು ಒಂದೊಂದೇ ಪಕ್ಕ ಜಾಕಿನಿಂದ ಎತ್ತಿ ಚಕ್ರಗಳನ್ನು ಅವುಗಳ ಮೇಲೆ ಇಳಿಸುತ್ತಾರೆ. ನಂತರ ಬಾಗಿಲಿನ ಕೆಳಗಿನ ತೊಲೆಗೆ ರಸಮಟ್ಟ ಹಿಡಿದು ಗುಳ್ಳೆ ನಡುವೆ ಬರುವವರೆಗೆ ತೆಳು ಪ್ಲೈವುಡ್ ತುಂಡುಗಳನ್ನು ಸೇರಿಸುತ್ತ ಹೋಗುತ್ತಾರೆ.

ಇದೇ ರ‍್ಯಾಂಪನ್ನು ಮಿಯಾಟಾದವರು ಎರವಲು ಕೇಳಿದರೆ ಕೊಡಬಹುದು, ಆದರೆ ಅವರು ತಮ್ಮದೇ ಕಟ್ಟಿಕೊಳ್ಳುವುದು ಒಳ್ಳೆಯದು. 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಆ ಪುಟ್ಟ ಕಾರಿನ ಆಯಿಲ್ ಫಿಲ್ಟರು ಇನ್‌ಟೇಕ್ ಕೊಳವೆಗಳ ಕೆಳಗೆ ಅಡಗಿದೆ. ಮೇಲಿನಿಂದ ಕೈ ಹಾಕಿದರೆ ಬೆರಳ ತುದಿಗಷ್ಟೇ ಸಿಗುತ್ತದೆ, ಹೀಗಾಗಿ ಅದಕ್ಕೂ ರ‍್ಯಾಂಪಿನ ಹಂಬಲವಿದೆ. ಅದರ 185 ಮಿ.ಮೀ. ಟೈರಿಗೆ ಟೂ ಬೈ ಟೆನ್ ಹಲಗೆ ಧಾರಾಳ. ತ್ರಿಜ್ಯ 289 ಮಿ.ಮೀ. ಆದ್ದರಿಂದ ಮೊದಲ ಮೆಟ್ಟಿಲಿನ ಅಂಚು ಚಕ್ರದ ನಡುವಿಗಿಂತ 143 ಮಿ.ಮೀ. ಮುಂದೆ ಟೈರಿಗೆ ತಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2265 ಮಿ.ಮೀ. ಮಾತ್ರ, ಕಾರ್ವೆಟ್ಟಿನದು 2654. ಅಷ್ಟೇ ಎತ್ತರಕ್ಕೆ ಮಿಯಾಟಾ ಹೆಚ್ಚು ವಾಲುತ್ತದೆ. ಇನ್ನುಳಿದದ್ದು ಮೂತಿಯ ಅಳತೆ. ಹಳೆಯ ಕಾರುಗಳಲ್ಲಿ ಸ್ಪ್ರಿಂಗು ಕುಗ್ಗಿಯೋ, ಮಾಲೀಕರು ತಗ್ಗಿಸಿಯೋ, ಒಂದರ ಮೂತಿ ಇದ್ದಂತೆ ಇನ್ನೊಂದರದಿಲ್ಲ. ಅದಕ್ಕೆ ಟೇಪು ಹಿಡಿದು, ಪೆಟ್ರೋಲು ತುಂಬಿಸಿ, ಟೈರಿಗೆ ಸರಿಯಾದ ಗಾಳಿ ಹೊಡೆಸಿದ ಮೇಲೆಯೇ ಅಳೆಯಬೇಕು.